ಒಂದಕ್ಕಿಂತ ಹೆಚ್ಚು ಕ್ರೆಡಿಟ್ ಕಾರ್ಡುಗಳ ಸುಸ್ತಿ ಬಾಕಿ: ರಾಜಿ ತೀರುವಳಿಯ ಕ್ರಮ

1. ಪೀಠಿಕೆ

ಕ್ರೆಡಿಟ್ ಕಾರ್ಡಿನ ಬಾಕಿಯು ಒತ್ತೆಯಿಲ್ಲದ ಸಾಲವಾಗಿರುತ್ತದೆ. ಮನೆಪತ್ರವನ್ನಾಗಲಿ, ಒಡವೆಯನ್ನಾಗಲಿ ಅಡವಿಡದೆ ದೊರೆಯುವ ಕಾರಣದಿಂದಲೇ ಇದರ ಬಡ್ಡಿಯು ಇತರ ಸಾಲಗಳಿಗಿಂತ ಹೆಚ್ಚು. ಒಂದು ಕಾರ್ಡಿನ ಬಾಕಿಯನ್ನು ಮತ್ತೊಂದು ಕಾರ್ಡಿನಿಂದ ತೀರಿಸುತ್ತಾ ಬಂದ ಕುಟುಂಬದಲ್ಲಿ ಉದ್ಯೋಗ ನಷ್ಟ, ಕಾಯಿಲೆ ಅಥವಾ ವ್ಯಾಪಾರದ ಹಿನ್ನಡೆ ಉಂಟಾದಾಗ ಎಲ್ಲ ಕಾರ್ಡುಗಳೂ ಹೆಚ್ಚುಕಡಿಮೆ ಏಕಕಾಲದಲ್ಲಿ ಸುಸ್ತಿಗೆ ಬೀಳುತ್ತವೆ. ಇಂತಹ ಸಂದರ್ಭದಲ್ಲಿ ದೂರವಾಣಿಯಲ್ಲಿ ಹೆಚ್ಚು ಒತ್ತಾಯಿಸಿದವರಿಗೆ ಕೈಯಲ್ಲಿದ್ದಷ್ಟು ಹಣ ಕೊಟ್ಟು ಆ ದಿನವನ್ನು ಕಳೆಯುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಹೀಗೆ ಕೊಟ್ಟ ಹಣದಿಂದ ಯಾವ ಸಾಲವೂ ತೀರುವುದಿಲ್ಲ.

ಬಾಕಿಯನ್ನು ಪೂರ್ಣವಾಗಿ ಪಾವತಿಸಲು ನಿಜವಾಗಿಯೂ ಸಾಧ್ಯವಾಗದ ಕಾರ್ಡುದಾರರು ಬ್ಯಾಂಕಿನೊಂದಿಗೆ ಮಾತುಕತೆ ನಡೆಸಿ, ಕಡಿಮೆ ಮೊತ್ತಕ್ಕೆ ಸಾಲವನ್ನು ಮುಕ್ತಾಯಗೊಳಿಸಿಕೊಳ್ಳಲು ಅವಕಾಶವಿದೆ. ಇದಕ್ಕೆ ರಾಜಿ ತೀರುವಳಿ ಎನ್ನುತ್ತಾರೆ. ಬ್ಯಾಂಕಿನವರ ಮಾತಿನಲ್ಲಿ ಇದು ‘ಸೆಟ್ಲ್‌ಮೆಂಟ್’. ಹಲವು ಕಾರ್ಡುಗಳ ಬಾಕಿ ಇರುವಾಗ ಈ ಕಾರ್ಯವನ್ನು ಯಾವ ಕ್ರಮದಲ್ಲಿ ಕೈಗೊಳ್ಳಬೇಕು, ಯಾವ ದಾಖಲೆಗಳನ್ನು ಪಡೆಯಬೇಕು ಮತ್ತು ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ರಾಜಿ ತೀರುವಳಿಗೆ ಇರುವ ಕಾನೂನಿನ ಆಧಾರ

ಕಡಿಮೆ ಹಣ ಪಡೆದು ಪೂರ್ಣ ಸಾಲ ತೀರಿತೆಂದು ಒಪ್ಪುವ ಪದ್ಧತಿ ಹೊಸದಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 63ನೇ ಪ್ರಕರಣವು ಇದಕ್ಕೆ ಅವಕಾಶ ಕಲ್ಪಿಸಿದೆ. ಐದು ಸಾವಿರ ರೂಪಾಯಿ ಬರಬೇಕಾದವನು ಪೂರ್ಣ ತೀರುವಳಿಯಾಗಿ ಎರಡು ಸಾವಿರವನ್ನು ಸ್ವೀಕರಿಸಿದರೆ ಇಡೀ ಸಾಲ ತೀರಿದಂತೆ ಎಂಬ ದೃಷ್ಟಾಂತವನ್ನು ಆ ಪ್ರಕರಣದಲ್ಲಿಯೇ ನೀಡಲಾಗಿದೆ. ಹಲವರಿಗೆ ಸಾಲ ಕೊಡಬೇಕಾದವನು ಅವರೆಲ್ಲರೊಂದಿಗೆ ರೂಪಾಯಿಗೆ ಎಂಟಾಣೆಯಂತೆ ಕೊಡುವ ಏರ್ಪಾಡು ಮಾಡಿಕೊಂಡ ಮತ್ತೊಂದು ದೃಷ್ಟಾಂತವೂ ಅಲ್ಲಿದೆ.

ಭಾರತೀಯ ರಿಸರ್ವ್ ಬ್ಯಾಂಕು 2023ರ ಜೂನ್ 8ರಂದು ಹೊರಡಿಸಿದ ಸುತ್ತೋಲೆಯು ರಾಜಿ ತೀರುವಳಿಗೆ ಸಂಬಂಧಿಸಿದಂತೆ ಪ್ರತಿ ಬ್ಯಾಂಕು ತನ್ನ ಆಡಳಿತ ಮಂಡಳಿಯಿಂದ ಅನುಮೋದಿತವಾದ ನೀತಿಯನ್ನು ಹೊಂದಿರಬೇಕೆಂದು ವಿಧಿಸಿದೆ. ಆ ಸುತ್ತೋಲೆಯಲ್ಲಿ ಎರಡು ಸಂಗತಿಗಳನ್ನು ಪ್ರತ್ಯೇಕವಾಗಿ ವಿವರಿಸಲಾಗಿದ್ದು, ಕಾರ್ಡುದಾರರು ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಅ) ರಾಜಿ ತೀರುವಳಿ: ಬ್ಯಾಂಕು ಮತ್ತು ಸಾಲಗಾರರ ನಡುವಿನ ಒಪ್ಪಂದ. ಒಪ್ಪಿದ ಹಣ ಪಾವತಿಯಾದ ಮೇಲೆ ಉಳಿದ ಹಕ್ಕನ್ನು ಬ್ಯಾಂಕು ಬಿಟ್ಟುಕೊಡುತ್ತದೆ.

ಆ) ತಾಂತ್ರಿಕ ವಜಾ: ಬ್ಯಾಂಕು ತನ್ನ ಲೆಕ್ಕಪತ್ರದ ಉದ್ದೇಶಕ್ಕಾಗಿ ಮಾತ್ರ ಸಾಲವನ್ನು ವಜಾ ಬರೆದುಕೊಳ್ಳುವುದು. ಸಾಲಗಾರರ ಮೇಲಿನ ಹಕ್ಕು ಹಾಗೆಯೇ ಉಳಿಯುತ್ತದೆ ಮತ್ತು ವಸೂಲಾತಿ ಮುಂದುವರಿಯುತ್ತದೆ. ‘ಬ್ಯಾಂಕಿನವರು ಸಾಲವನ್ನು ರೈಟ್ ಆಫ್ ಮಾಡಿದ್ದಾರೆ, ಇನ್ನು ಕೊಡಬೇಕಾಗಿಲ್ಲ’ ಎಂಬ ತಿಳುವಳಿಕೆ ತಪ್ಪು.

ರಾಜಿ ತೀರುವಳಿಯು ಸಾಲಗಾರರ ಹಕ್ಕಲ್ಲ. ಇಂತಿಷ್ಟು ಶೇಕಡಾ ರಿಯಾಯಿತಿ ನೀಡಲೇಬೇಕೆಂಬ ನಿಯಮವೂ ಇಲ್ಲ. ಪ್ರತಿ ಪ್ರಕರಣದಲ್ಲಿಯೂ ಬ್ಯಾಂಕು ತನ್ನ ನೀತಿಯಂತೆ ತೀರ್ಮಾನಿಸುತ್ತದೆ. ಆದುದರಿಂದ ನೆರೆಯವರಿಗೆ ದೊರೆತ ರಿಯಾಯಿತಿಯನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕುವುದು ಸೂಕ್ತವಲ್ಲ.

3. ಬಾಕಿ ಬೆಳೆಯುವ ಬಗೆ

ತಿಂಗಳಿಗೆ ಶೇ. 3.5ರ ಬಡ್ಡಿ ಎಂದರೆ ವರ್ಷಕ್ಕೆ ಶೇ. 42. ಒಂದು ಲಕ್ಷ ರೂಪಾಯಿ ಬಾಕಿಗೆ ತಿಂಗಳೊಂದಕ್ಕೆ ₹3,500 ಬಡ್ಡಿ, ಅದರ ಮೇಲೆ ಶೇ. 18ರಂತೆ ₹630 ಸರಕು ಮತ್ತು ಸೇವಾ ತೆರಿಗೆ, ಒಟ್ಟು ₹4,130 ಆಗುತ್ತದೆ. ಕನಿಷ್ಠ ಪಾವತಿ ಮೊತ್ತವನ್ನು ಮಾತ್ರ ಕಟ್ಟುತ್ತಾ ಬಂದವರ ಅಸಲು ಅಷ್ಟಾಗಿ ಇಳಿಯದಿರುವುದಕ್ಕೆ ಇದೇ ಕಾರಣ.

ರಿಸರ್ವ್ ಬ್ಯಾಂಕು ಕ್ರೆಡಿಟ್ ಕಾರ್ಡುಗಳ ಬಗ್ಗೆ 2022ರಲ್ಲಿ ನೀಡಿದ ನಿರ್ದೇಶನಗಳಂತೆ, ಪಾವತಿಯಾಗದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ವಿಧಿಸುವಂತಿಲ್ಲ. ವಿಳಂಬ ಶುಲ್ಕವನ್ನು ಗಡುವಿನ ನಂತರ ಉಳಿದ ಬಾಕಿಯ ಮೇಲೆ ಮಾತ್ರ ವಿಧಿಸಬಹುದು, ಬಿಲ್ಲಿನ ಒಟ್ಟು ಮೊತ್ತದ ಮೇಲಲ್ಲ. ಮಾತುಕತೆಗೆ ಮೊದಲು ಮಾಸಿಕ ವಿವರಪಟ್ಟಿಗಳನ್ನು ತರಿಸಿಕೊಂಡು ಈ ಅಂಶಗಳನ್ನು ಪರಿಶೀಲಿಸುವುದು ಅಗತ್ಯ. ತಪ್ಪಾಗಿ ಸೇರಿಸಿದ ಮೊತ್ತ ಕಂಡುಬಂದಲ್ಲಿ ಮೊದಲು ಅದನ್ನು ತೆಗೆಸಿ, ನಂತರ ರಿಯಾಯಿತಿಯ ಮಾತನ್ನು ಆರಂಭಿಸಬೇಕು.

ವಾರ್ಷಿಕ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿಯು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ನೀಡಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ರದ್ದುಪಡಿಸಿದೆ. ಆದ್ದರಿಂದ ಬಡ್ಡಿದರ ಹೆಚ್ಚೆಂಬ ಒಂದೇ ವಾದದಿಂದ ಬಾಕಿ ಕಡಿಮೆಯಾಗುವುದೆಂದು ನಿರೀಕ್ಷಿಸಬಾರದು.

4. ಮೊದಲ ಹೆಜ್ಜೆ: ಎಲ್ಲ ಬಾಕಿಗಳ ಒಂದೇ ಪಟ್ಟಿ

ಯಾವುದೇ ಬ್ಯಾಂಕಿಗೆ ಮಾತು ಕೊಡುವ ಮುನ್ನ ಈ ಕೆಳಕಂಡ ವಿವರಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳುವುದು.

(1) ಪ್ರತಿ ಕಾರ್ಡಿನ ಬಾಕಿ. ಇದರಲ್ಲಿ ಅಸಲು, ಬಡ್ಡಿ ಮತ್ತು ಶುಲ್ಕಗಳನ್ನು ಬೇರೆ ಬೇರೆಯಾಗಿ ತೋರಿಸುವುದು.

(2) ಎಷ್ಟು ದಿನಗಳಿಂದ ಸುಸ್ತಿಯಾಗಿದೆ ಎಂಬುದು. ಕನಿಷ್ಠ ಮೊತ್ತವು ಗಡುವಿನಿಂದ 90 ದಿನಗಳೊಳಗೆ ಪೂರ್ಣವಾಗಿ ಪಾವತಿಯಾಗದಿದ್ದಲ್ಲಿ ಖಾತೆಯನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸಲಾಗುತ್ತದೆ.

(3) ಸಾಲ ಈಗ ಯಾರ ಬಳಿ ಇದೆ ಎಂಬುದು. ಬ್ಯಾಂಕು ತನ್ನ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ ವರ್ಗಾಯಿಸಿದ್ದಲ್ಲಿ, ತೀರುವಳಿಯನ್ನು ಆ ಕಂಪನಿಯೊಂದಿಗೆ ಮಾಡಿಕೊಳ್ಳಬೇಕಾಗುತ್ತದೆ. ವಸೂಲಾತಿ ಪ್ರತಿನಿಧಿಯು ಸಾಲದ ಒಡೆಯನಲ್ಲ.

(4) ವಕೀಲರ ನೋಟೀಸು, ಲೋಕ ಅದಾಲತ್ತಿನ ನೋಟೀಸು ಅಥವಾ ನ್ಯಾಯಾಲಯದ ಸಮನ್ಸು ಬಂದಿದೆಯೇ ಎಂಬುದು.

(5) ಕುಟುಂಬದ ಮಾಸಿಕ ಆದಾಯ, ಅನಿವಾರ್ಯ ವೆಚ್ಚ ಹಾಗೂ ಉಳಿಯುವ ಹಣ. ಬಾಡಿಗೆ, ದಿನಸಿ, ಔಷಧಿ, ಶಾಲಾ ಶುಲ್ಕ, ಗೃಹಸಾಲ ಮತ್ತು ಒಡವೆ ಸಾಲದ ಕಂತುಗಳನ್ನು ಅನಿವಾರ್ಯ ವೆಚ್ಚದಲ್ಲಿ ಸೇರಿಸುವುದು. ಅಡವಿನ ಸಾಲ ತಪ್ಪಿದರೆ ವಸ್ತುವೇ ಕೈಬಿಡುವುದರಿಂದ ಅದಕ್ಕೆ ಆದ್ಯತೆ ಇರತಕ್ಕದ್ದು.

(6) ಒಂದೇ ಬಾರಿಗೆ ಒದಗಿಸಬಹುದಾದ ಹಣ. ಚೀಟಿ ಹಣ, ಉಪದಾನ, ಬಂಧುಗಳ ಬಡ್ಡಿರಹಿತ ನೆರವು ಮುಂತಾದವು ಇದರಲ್ಲಿ ಸೇರುತ್ತವೆ. ಕಾರ್ಡಿನ ಬಾಕಿ ತೀರಿಸಲು ಮೀಟರ್ ಬಡ್ಡಿಗೆ ಕೈಸಾಲ ಮಾಡುವುದು ಒಂದು ಸಾಲವನ್ನು ಅದಕ್ಕಿಂತ ಕಠಿಣವಾದ ಸಾಲಕ್ಕೆ ಬದಲಿಸಿಕೊಂಡಂತೆ.

ಸಂಬಳದ ಖಾತೆ ಮತ್ತು ಸುಸ್ತಿ ಕಾರ್ಡು ಒಂದೇ ಬ್ಯಾಂಕಿನಲ್ಲಿದ್ದರೆ, ಒಪ್ಪಂದದ ಷರತ್ತಿನಂತೆ ಖಾತೆಯ ಹಣವನ್ನು ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರಬಹುದು. ಪಟ್ಟಿಯಲ್ಲಿ ಇದನ್ನೂ ಗುರುತಿಸಿಕೊಳ್ಳುವುದು.

5. ಉದಾಹರಣೆ

ಕ್ರಮವನ್ನು ತಿಳಿಯಪಡಿಸಲು ಕಲ್ಪಿತ ಉದಾಹರಣೆಯೊಂದನ್ನು ಇಲ್ಲಿ ನೀಡಲಾಗಿದೆ. ಖಾಸಗಿ ಸಂಸ್ಥೆಯೊಂದರ ನೌಕರರ ಕುಟುಂಬದ ಮಾಸಿಕ ಆದಾಯ ₹42,000, ಅನಿವಾರ್ಯ ವೆಚ್ಚ ₹33,500, ಉಳಿಯುವ ಹಣ ₹8,500. ಚೀಟಿ ಎತ್ತಿದ್ದರಿಂದ ₹1,20,000 ಕೈಯಲ್ಲಿದೆ. ಬಾಕಿಗಳು ಹೀಗಿವೆ:

ಮೊದಲನೇ ಕಾರ್ಡು: ₹35,000. 40 ದಿನಗಳ ಸುಸ್ತಿ. ಸಂಬಳದ ಖಾತೆಯೂ ಇದೇ ಬ್ಯಾಂಕಿನಲ್ಲಿದೆ.
ಎರಡನೇ ಕಾರ್ಡು: ₹62,000. 5 ತಿಂಗಳ ಸುಸ್ತಿ.
ಮೂರನೇ ಕಾರ್ಡು: ₹90,000. 8 ತಿಂಗಳ ಸುಸ್ತಿ. ವಸೂಲಾತಿ ಪ್ರತಿನಿಧಿಯ ಕರೆಗಳು ಬರುತ್ತಿವೆ.
ನಾಲ್ಕನೇ ಕಾರ್ಡು: ₹1,48,000. 14 ತಿಂಗಳ ಸುಸ್ತಿ. ಲೋಕ ಅದಾಲತ್ತಿನ ನೋಟೀಸು ಬಂದಿದೆ.
ಒಟ್ಟು: ₹3,35,000.

ಎಲ್ಲರಿಗೂ ಸಮನಾಗಿ ಹಂಚಿದಲ್ಲಿ: ತಲಾ ₹30,000ದಂತೆ ಚೀಟಿ ಹಣವೆಲ್ಲ ಖರ್ಚಾಗಿ, ₹2,15,000 ಬಾಕಿ ಉಳಿಯುತ್ತದೆ. ಶೇ. 3.5ರಂತೆ ಅದರ ಒಂದು ತಿಂಗಳ ಬಡ್ಡಿ ₹7,525. ತೆರಿಗೆ ಸೇರಿ ಸುಮಾರು ₹8,880. ಅಂದರೆ ಕುಟುಂಬಕ್ಕೆ ಉಳಿಯುವ ₹8,500 ಬಡ್ಡಿಗೂ ಸಾಲುವುದಿಲ್ಲ. ನಾಲ್ಕು ಬ್ಯಾಂಕುಗಳ ಕರೆಗಳೂ ಮೊದಲಿನಂತೆಯೇ ಮುಂದುವರಿಯುತ್ತವೆ.

ಒಂದೊಂದಾಗಿ ಮುಗಿಸಿದಲ್ಲಿ: ಮೊದಲನೇ ಕಾರ್ಡು ಇನ್ನೂ ಅನುತ್ಪಾದಕವಾಗಿಲ್ಲ. ಆದ್ದರಿಂದ ಅದಕ್ಕೆ ರಾಜಿ ತೀರುವಳಿ ಕೇಳದೆ, ಬಾಕಿಯನ್ನು ಕಂತುಗಳಿಗೆ ಪರಿವರ್ತಿಸುವಂತೆ ಕೋರುವುದು ಲೇಸು. ವಾರ್ಷಿಕ ಶೇ. 18ರ ಬಡ್ಡಿಯಲ್ಲಿ 12 ಕಂತುಗಳಿಗೆ ಬ್ಯಾಂಕು ಒಪ್ಪಿದರೆ ಮಾಸಿಕ ಕಂತು ₹3,209, ಬಡ್ಡಿಯ ಮೇಲಿನ ತೆರಿಗೆ ಸೇರಿ ಮೊದಲ ತಿಂಗಳು ಸುಮಾರು ₹3,300 ಆಗುತ್ತದೆ. ಎರಡನೇ ಕಾರ್ಡಿಗೆ ₹38,000 ಮತ್ತು ಮೂರನೇ ಕಾರ್ಡಿಗೆ ₹50,000 ಎಂದು ಒಪ್ಪಂದವಾದರೆ ಚೀಟಿ ಹಣದಲ್ಲಿ ಆ ಎರಡೂ ಮುಗಿದು ₹32,000 ಉಳಿಯುತ್ತದೆ. ನಾಲ್ಕನೇ ಕಾರ್ಡಿಗೆ ಲೋಕ ಅದಾಲತ್ತಿನಲ್ಲಿ ₹72,000ಕ್ಕೆ ರಾಜಿಯಾಗಿ, ₹32,000 ಕೂಡಲೇ ಮತ್ತು ತಿಂಗಳಿಗೆ ₹4,000ದಂತೆ 10 ಕಂತುಗಳಲ್ಲಿ ಉಳಿದದ್ದು ಎಂದು ನಿಗದಿಯಾದರೆ ಮಾಸಿಕ ಹೊರೆ ಸುಮಾರು ₹7,300 ಆಗುತ್ತದೆ. ಆಕಸ್ಮಿಕ ವೆಚ್ಚಕ್ಕೆ ₹1,200 ಉಳಿಯುತ್ತದೆ. ಹನ್ನೆರಡನೇ ತಿಂಗಳ ಕೊನೆಗೆ ನಾಲ್ಕೂ ಬಾಕಿಗಳು ಮುಗಿದಿರುತ್ತವೆ.

ಮೇಲಿನ ತೀರುವಳಿ ಮೊತ್ತಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಯಾವ ಬ್ಯಾಂಕೂ ಇದೇ ಪ್ರಮಾಣದಲ್ಲಿ ಒಪ್ಪುವುದೆಂಬ ಭರವಸೆ ಇಲ್ಲ. ಗಮನಿಸಬೇಕಾದ ಅಂಶವೆಂದರೆ, ಹಣ ಅಷ್ಟೇ ಇದ್ದರೂ ಹಂಚಿಹೋದಾಗ ಒಂದು ಸಾಲವೂ ತೀರಲಿಲ್ಲ, ಕ್ರಮವಾಗಿ ಕಟ್ಟಿದಾಗ ಎಲ್ಲವೂ ತೀರಿದವು.

6. ಯಾವುದನ್ನು ಮೊದಲು ತೀರಿಸಬೇಕು

(ಅ) 90 ದಿನ ತುಂಬದ ಖಾತೆಯನ್ನು ಸಾಧ್ಯವಾದಷ್ಟೂ ಉಳಿಸಿಕೊಳ್ಳಬೇಕು. ರಿಯಾಯಿತಿ ದೊರೆಯುವುದೆಂಬ ಆಸೆಯಿಂದ ಬೇಕೆಂದೇ ಸುಸ್ತಿ ಮಾಡುವುದು ಹಾನಿಕರ.

(ಆ) ಉಳಿದ ಖಾತೆಗಳಲ್ಲಿ, ಕೈಯಲ್ಲಿರುವ ಹಣದಿಂದ ಪೂರ್ಣವಾಗಿ ಮುಗಿಯುವಂತಹದನ್ನು ಮೊದಲು ಆರಿಸಿಕೊಳ್ಳಬೇಕು. ಎಲ್ಲ ಬ್ಯಾಂಕುಗಳಿಂದಲೂ ಲಿಖಿತ ಪ್ರಸ್ತಾವ ಕೋರಬಹುದು. ಆದರೆ ಕೊಡಲು ಹಣವಿರುವ ಪ್ರಸ್ತಾವಕ್ಕೆ ಮಾತ್ರ ಒಪ್ಪಿಗೆ ನೀಡಬೇಕು.

(ಇ) ನ್ಯಾಯಾಲಯದ ಸಮನ್ಸು ಅಥವಾ ಲೋಕ ಅದಾಲತ್ತಿನ ನೋಟೀಸು ಬಂದಿರುವ ಪ್ರಕರಣದಲ್ಲಿ, ಹಣವಿರಲಿ ಇಲ್ಲದಿರಲಿ, ನಿಗದಿತ ದಿನದಂದು ಹಾಜರಾಗಬೇಕು. ಸಮನ್ಸು ಬಂದರೂ ಗೈರುಹಾಜರಾದಲ್ಲಿ ಏಕಪಕ್ಷೀಯ ಡಿಕ್ರಿ ಆಗುವ ಸಂಭವವಿದೆ.

(ಈ) ಎಲ್ಲ ಒಪ್ಪಂದಗಳ ಮಾಸಿಕ ಕಂತುಗಳ ಮೊತ್ತವು ಕುಟುಂಬಕ್ಕೆ ಉಳಿಯುವ ಹಣಕ್ಕಿಂತ ಕಡಿಮೆ ಇರಬೇಕು. ಕಂತು ತಪ್ಪಿದರೆ ತೀರುವಳಿ ರದ್ದಾಗಿ ಮೂಲ ಬಾಕಿ ಮರುಜೀವ ಪಡೆಯುವುದೆಂಬ ಷರತ್ತು ಸಾಮಾನ್ಯವಾಗಿ ತೀರುವಳಿ ಪತ್ರದಲ್ಲಿರುತ್ತದೆ.

(ಉ) ಒಂದೇ ಬ್ಯಾಂಕಿಗೆ ಕಾರ್ಡು ಮತ್ತು ವೈಯಕ್ತಿಕ ಸಾಲ ಎರಡೂ ಬಾಕಿ ಇದ್ದಲ್ಲಿ, ಹಣವು ಯಾವ ಸಾಲಕ್ಕೆ ಸಲ್ಲಬೇಕೆಂದು ಪಾವತಿಯ ಸಮಯದಲ್ಲಿಯೇ ಲಿಖಿತವಾಗಿ ತಿಳಿಸಬೇಕು. ಹಾಗೆ ತಿಳಿಸಿ ಕೊಟ್ಟ ಹಣವನ್ನು ಸ್ವೀಕರಿಸಿದರೆ ಅದೇ ಸಾಲಕ್ಕೆ ಜಮಾ ಮಾಡಬೇಕೆಂದು ಕರಾರು ಅಧಿನಿಯಮದ 59ನೇ ಪ್ರಕರಣ ಹೇಳುತ್ತದೆ. ತಿಳಿಸದಿದ್ದಲ್ಲಿ, 60ನೇ ಪ್ರಕರಣದಂತೆ ಆಯ್ಕೆಯು ಸಾಲ ಕೊಟ್ಟವರದಾಗುತ್ತದೆ.

7. ಮಾತುಕತೆ ಮತ್ತು ಅರ್ಜಿ

ಅರ್ಜಿಯನ್ನು ಬ್ಯಾಂಕಿನ ಕಾರ್ಡು ವಿಭಾಗಕ್ಕೆ ಅಥವಾ ಕುಂದುಕೊರತೆ ವಿಭಾಗಕ್ಕೆ ಮಿಂಚಂಚೆ ಅಥವಾ ಸ್ಪೀಡ್ ಪೋಸ್ಟ್ ಮೂಲಕ ಸಲ್ಲಿಸಿ, ಸ್ವೀಕೃತಿ ಪಡೆಯುವುದು. ಕಷ್ಟಕ್ಕೆ ಕಾರಣವಾದ ಸಂಗತಿಯ ದಾಖಲೆಗಳನ್ನು, ಅಂದರೆ ಸೇವೆಯಿಂದ ಬಿಡುಗಡೆಯಾದ ಪತ್ರ, ಆಸ್ಪತ್ರೆಯ ಬಿಲ್ಲು ಇತ್ಯಾದಿಗಳನ್ನು ಲಗತ್ತಿಸುವುದು. ಇರುವ ಹಣವನ್ನೆಲ್ಲ ಮೊದಲ ಮಾತಿನಲ್ಲಿಯೇ ಹೇಳಬೇಕಾಗಿಲ್ಲ. ಆದರೆ ಇಲ್ಲದ ಹಣವನ್ನು ಕೊಡುವೆನೆಂದು ಹೇಳಬಾರದು. ಸುಳ್ಳು ದಾಖಲೆಗಳನ್ನು ಎಂದಿಗೂ ಸಲ್ಲಿಸಬಾರದು.

ದೂರವಾಣಿಯಲ್ಲಿ ಮಾತನಾಡಿದಾಗ ಕರೆ ಮಾಡಿದವರ ಹೆಸರು, ಸಂಸ್ಥೆ, ದಿನಾಂಕ, ಸಮಯ ಹಾಗೂ ಹೇಳಿದ ಮೊತ್ತವನ್ನು ಪುಸ್ತಕವೊಂದರಲ್ಲಿ ಬರೆದಿಡುವುದು. ‘ಈ ದಿನವೇ ಕೊನೆ, ಸಂಜೆಯೊಳಗೆ ಕಟ್ಟಿದರೆ ಮಾತ್ರ ರಿಯಾಯಿತಿ’ ಎಂಬ ಮಾತಿಗೆ ‘ಬ್ಯಾಂಕಿನ ಪತ್ರ ಕಳುಹಿಸಿ’ ಎಂಬುದೊಂದೇ ಉತ್ತರವಾಗಿರಲಿ.

ಮಾದರಿ ಅರ್ಜಿ

ಇವರಿಗೆ,
ವ್ಯವಸ್ಥಾಪಕರು, ಕ್ರೆಡಿಟ್ ಕಾರ್ಡು ವಿಭಾಗ, ................ ಬ್ಯಾಂಕು

ವಿಷಯ: ಕಾರ್ಡು ಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳು ........ ರ ಬಾಕಿಯ ರಾಜಿ ತೀರುವಳಿ ಕೋರಿ.

ಮಾನ್ಯರೇ,
ಮೇಲ್ಕಂಡ ಕಾರ್ಡಿನಲ್ಲಿ ದಿನಾಂಕ ........ ರಂದು ₹........ ಬಾಕಿ ಇರುವುದಾಗಿ ತಾವು ತಿಳಿಸಿರುತ್ತೀರಿ. ........ ಕಾರಣದಿಂದ ನನ್ನ ಆದಾಯ ಕುಗ್ಗಿದ್ದು, ಪೂರ್ಣ ಬಾಕಿಯನ್ನು ಪಾವತಿಸಲು ಸಾಧ್ಯವಾಗುತ್ತಿಲ್ಲ. ಇತರ ........ ಕಾರ್ಡುಗಳ ಬಾಕಿಯೂ ಇರುತ್ತದೆ. ಎಲ್ಲ ಬಾಕಿಗಳನ್ನು ಪರಿಗಣಿಸಿ, ಈ ಕಾರ್ಡಿನ ಪೂರ್ಣ ಮತ್ತು ಅಂತಿಮ ತೀರುವಳಿಯಾಗಿ ₹........ ಮೊತ್ತವನ್ನು ದಿನಾಂಕ ........ ರೊಳಗೆ ಪಾವತಿಸಲು ಸಿದ್ಧನಿದ್ದೇನೆ / ಸಿದ್ಧಳಿದ್ದೇನೆ. ಇದಕ್ಕೆ ಒಪ್ಪಿಗೆ ಇದ್ದಲ್ಲಿ ತೀರುವಳಿ ಪತ್ರವನ್ನು ನೀಡಬೇಕಾಗಿಯೂ, ಅಸಲು, ಬಡ್ಡಿ ಹಾಗೂ ಶುಲ್ಕಗಳ ಪ್ರತ್ಯೇಕ ವಿವರ ಒದಗಿಸಬೇಕಾಗಿಯೂ ಕೋರುತ್ತೇನೆ.

ಸ್ಥಳ: ........ ದಿನಾಂಕ: ........ ಸಹಿ: ........
ಲಗತ್ತುಗಳು: ........

ಸೂಚನೆ: ಸಾಮಾನ್ಯವಾಗಿ ಇಂತಹ ಬಾಕಿಯ ದಾವೆಗೆ ಕಾಲಪರಿಮಿತಿ ಅಧಿನಿಯಮ, 1963ರಂತೆ ಮೂರು ವರ್ಷಗಳ ಮಿತಿ ಇರುತ್ತದೆ. ಮಿತಿಯೊಳಗೆ ಸಾಲವನ್ನು ಲಿಖಿತವಾಗಿ ಒಪ್ಪಿಕೊಂಡು ಸಹಿ ಮಾಡಿದಲ್ಲಿ ಅಥವಾ ಭಾಗಶಃ ಪಾವತಿ ಮಾಡಿದಲ್ಲಿ ಆ ಅವಧಿಯು ಹೊಸದಾಗಿ ಆರಂಭವಾಗಬಹುದು. ಬಹಳ ಹಳೆಯ ಬಾಕಿ ಇರುವವರು ಪತ್ರ ಬರೆಯುವ ಮೊದಲು ವಕೀಲರ ಅಥವಾ ಕಾನೂನು ಸೇವಾ ಪ್ರಾಧಿಕಾರದ ಸಲಹೆ ಪಡೆಯುವುದು.

8. ತೀರುವಳಿ ಪತ್ರದಲ್ಲಿ ಇರಬೇಕಾದ ಅಂಶಗಳು

ಪತ್ರ ಕೈಸೇರುವ ಮುನ್ನ ತೀರುವಳಿಯ ಹೆಸರಿನಲ್ಲಿ ಹಣ ಪಾವತಿಸಬಾರದು. ಪತ್ರವಿಲ್ಲದೆ ಕಟ್ಟಿದ ಹಣವನ್ನು ಸಾಮಾನ್ಯ ಪಾವತಿಯೆಂದು ಜಮಾ ಮಾಡಿಕೊಂಡು, ಉಳಿದ ಬಾಕಿಯನ್ನು ಕೇಳಲು ಬ್ಯಾಂಕಿಗೆ ಅವಕಾಶವಾಗುತ್ತದೆ. ಪತ್ರದಲ್ಲಿ ಈ ಕೆಳಕಂಡ ಅಂಶಗಳಿರುವುದನ್ನು ಖಚಿತಪಡಿಸಿಕೊಳ್ಳುವುದು.

(1) ಬ್ಯಾಂಕಿನ ಹೆಸರು, ಪತ್ರದ ಸಂಖ್ಯೆ, ದಿನಾಂಕ ಮತ್ತು ಅಧಿಕೃತ ಸಹಿ. ಮಿಂಚಂಚೆಯಾದಲ್ಲಿ ಬ್ಯಾಂಕಿನ ಅಧಿಕೃತ ವಿಳಾಸದಿಂದಲೇ ಬಂದಿರಬೇಕು.
(2) ಕಾರ್ಡುದಾರರ ಹೆಸರು ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕೆಗಳು.
(3) ಒಟ್ಟು ಬಾಕಿ, ತೀರುವಳಿ ಮೊತ್ತ, ಕಂತುಗಳಿದ್ದಲ್ಲಿ ಪ್ರತಿ ಕಂತಿನ ದಿನಾಂಕ.
(4) ಇದು ಪೂರ್ಣ ಮತ್ತು ಅಂತಿಮ ತೀರುವಳಿ, ಉಳಿದ ಮೊತ್ತವನ್ನು ಬಿಟ್ಟುಕೊಡಲಾಗಿದೆ ಎಂಬ ಸ್ಪಷ್ಟ ವಾಕ್ಯ.
(5) ಹಣ ಪಾವತಿಸಬೇಕಾದ ಖಾತೆಯ ವಿವರ.
(6) ಬೇಬಾಕಿ ಪ್ರಮಾಣಪತ್ರ ನೀಡುವ ಅವಧಿ ಮತ್ತು ಸಾಲ ಮಾಹಿತಿ ಕಂಪನಿಗಳಿಗೆ ವರದಿ ಮಾಡುವ ಬಗೆ.
(7) ದಾವೆ ಇದ್ದಲ್ಲಿ ಅದನ್ನು ಮುಕ್ತಾಯಗೊಳಿಸುವ ಷರತ್ತು. ನ್ಯಾಯಾಲಯದ ಮುಂದಿರುವ ಪ್ರಕರಣಗಳಲ್ಲಿ ರಾಜಿಯನ್ನು ನ್ಯಾಯಾಲಯದ ಒಪ್ಪಿಗೆ ಡಿಕ್ರಿಯ ಮೂಲಕ ದಾಖಲಿಸಬೇಕಾಗುತ್ತದೆ.

ಪತ್ರ ನೈಜವೆಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾದ ದೂರವಾಣಿಗೆ ಕರೆ ಮಾಡಿ ಅಥವಾ ಶಾಖೆಗೆ ಭೇಟಿ ನೀಡಿ ತಿಳಿದುಕೊಳ್ಳುವುದು. ಪತ್ರದಲ್ಲಿಯೇ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಿದರೆ ಅದು ಪರಿಶೀಲನೆಯಾಗುವುದಿಲ್ಲ. ಹಣವನ್ನು ಕಾರ್ಡು ಖಾತೆಗೆ ಅಥವಾ ಬ್ಯಾಂಕಿನ ಖಾತೆಗೆ ಮಾತ್ರ ಪಾವತಿಸಬೇಕು. ಪ್ರತಿನಿಧಿಯ ಸ್ವಂತ ಖಾತೆಗಾಗಲಿ, ಅವರ ಯುಪಿಐ ವಿಳಾಸಕ್ಕಾಗಲಿ ಕಳುಹಿಸಬಾರದು. ವಂಚನೆಗೊಳಗಾದಲ್ಲಿ ಕೂಡಲೇ 1930 ಸಹಾಯವಾಣಿಗೆ ದೂರು ನೀಡುವುದು.

ಕಂತುಗಳಿಗೆ ಮುಂದಿನ ದಿನಾಂಕದ ಚೆಕ್ಕುಗಳನ್ನು ನೀಡುವಾಗ ಹೆಚ್ಚಿನ ಎಚ್ಚರ ಅಗತ್ಯ. ಚೆಕ್ಕು ಅಮಾನ್ಯವಾದಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಪ್ರಕರಣದಡಿ ಕ್ರಿಮಿನಲ್ ಪ್ರಕರಣ ದಾಖಲಾಗಬಹುದು. ಖಾತೆಯಿಂದ ತಾನಾಗಿಯೇ ಕಂತು ಕಡಿತವಾಗುವ ಆದೇಶವು ಹಣವಿಲ್ಲದೆ ವಿಫಲವಾದರೂ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ, 2007ರಲ್ಲಿ ಇಂತಹುದೇ ಅವಕಾಶವಿದೆ. ಸಿವಿಲ್ ಸ್ವರೂಪದ ಬಾಕಿಯು ಹೀಗೆ ಕ್ರಿಮಿನಲ್ ಸ್ವರೂಪ ಪಡೆಯದಂತೆ ನೋಡಿಕೊಳ್ಳಬೇಕು.

9. ಪಾವತಿಯ ನಂತರ

ಹಣ ಪಾವತಿಸಿದ ರಸೀದಿ, ತೀರುವಳಿ ಪತ್ರ ಮತ್ತು ಬೇಬಾಕಿ ಪ್ರಮಾಣಪತ್ರ ಮೂರನ್ನೂ ಒಟ್ಟಿಗೆ ಕಾಯ್ದಿರಿಸುವುದು. ವರ್ಷಗಳ ನಂತರ ಮತ್ತೊಂದು ಸಂಸ್ಥೆಯಿಂದ ಅದೇ ಬಾಕಿಗೆ ಕರೆ ಬಂದಲ್ಲಿ ಈ ಮೂರು ಕಾಗದಗಳೇ ರಕ್ಷಣೆ. ಕಾರ್ಡನ್ನು ಮುಚ್ಚುವಂತೆಯೂ ಲಿಖಿತವಾಗಿ ಕೋರುವುದು. ಬಾಕಿಯೆಲ್ಲ ತೀರಿದ ಮೇಲೆ ಬಂದ ಇಂತಹ ಕೋರಿಕೆಯನ್ನು ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಈಡೇರಿಸಬೇಕು. ತಪ್ಪಿದಲ್ಲಿ ದಿನಕ್ಕೆ ₹500ರಂತೆ ಕಾರ್ಡುದಾರರಿಗೆ ದಂಡ ನೀಡಬೇಕೆಂದು 2022ರ ನಿರ್ದೇಶನಗಳು ವಿಧಿಸಿವೆ.

ರಾಜಿಯಾದ ಖಾತೆಯು ಸಾಲ ಮಾಹಿತಿ ವರದಿಯಲ್ಲಿ ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ ಎಂದು ನಮೂದಾಗುತ್ತದೆ. ಪೂರ್ಣ ಹಣ ಬಂದಿಲ್ಲ ಎಂಬುದೇ ಇದರ ಅರ್ಥವಾಗಿದ್ದು, ಮುಂದೆ ಗೃಹಸಾಲ ಅಥವಾ ಶಿಕ್ಷಣ ಸಾಲ ಕೋರುವಾಗ ತೊಡಕಾಗಬಹುದು. ಸಾಲ ಮಾಹಿತಿ ಕಂಪನಿಗಳು ಇಂತಹ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. 2023ರ ಸುತ್ತೋಲೆಯಂತೆ, ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ನೀಡುವಂತಿಲ್ಲ. ಕೃಷಿ ಸಾಲಗಳಿಗೆ ಈ ಅವಧಿ ಅನ್ವಯಿಸುವುದಿಲ್ಲ. ಪೂರ್ಣ ಪಾವತಿ ಸಾಧ್ಯವಿರುವವರು ರಾಜಿಯ ದಾರಿ ಹಿಡಿಯಬಾರದೆಂಬುದಕ್ಕೆ ಇವೇ ಕಾರಣಗಳು.

ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತೀರುವಳಿಯ ನಂತರವೂ ಬಾಕಿ ತೋರಿಸುತ್ತಿದ್ದಲ್ಲಿ ದಾಖಲೆಗಳೊಂದಿಗೆ ದೂರು ಸಲ್ಲಿಸುವುದು. 30 ದಿನಗಳೊಳಗೆ ಸರಿಪಡಿಸದಿದ್ದಲ್ಲಿ ದಿನಕ್ಕೆ ₹100ರಂತೆ ಪರಿಹಾರ ನೀಡುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

10. ಲೋಕ ಅದಾಲತ್ತಿನ ಮೂಲಕ ರಾಜಿ

ದಾವೆ ಹೂಡುವ ಮೊದಲೇ ಬಾಕಿಯ ಪ್ರಕರಣಗಳನ್ನು ಲೋಕ ಅದಾಲತ್ತಿನ ಮುಂದೆ ತರಲು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಲ್ಲಿ ಅವಕಾಶವಿದೆ. ಬ್ಯಾಂಕು ಮಾತ್ರವಲ್ಲದೆ ಸಾಲಗಾರರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಇಲ್ಲಿ ಆದ ರಾಜಿಯ ಐತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ಈ ಕಾರಣದಿಂದ, ಕಟ್ಟಲಾಗದ ಮೊತ್ತಕ್ಕೆ ಸಂಕೋಚದಿಂದಲೋ ಆತುರದಿಂದಲೋ ಸಹಿ ಹಾಕಬಾರದು. ಒಪ್ಪಿಗೆಯಾಗದಿದ್ದಲ್ಲಿ ಹಾಗೆಂದು ತಿಳಿಸಿ ಹಿಂದಿರುಗುವ ಸ್ವಾತಂತ್ರ್ಯ ಇಬ್ಬರಿಗೂ ಇದೆ. ಮಾಹಿತಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.

11. ಕಿರುಕುಳದ ವಿರುದ್ಧ ದೂರು

2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ವಸೂಲಾತಿಗಾಗಿ ಬೆಳಿಗ್ಗೆ 8 ಗಂಟೆಗೆ ಮೊದಲು ಮತ್ತು ಸಂಜೆ 7 ಗಂಟೆಯ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ, ಬೈಗುಳ, ಸಾರ್ವಜನಿಕವಾಗಿ ಅವಮಾನಿಸುವುದು, ಕುಟುಂಬದವರ ಅಥವಾ ಸ್ನೇಹಿತರ ಖಾಸಗಿತನಕ್ಕೆ ಧಕ್ಕೆ ತರುವುದು ನಿಷಿದ್ಧ. ಪ್ರತಿನಿಧಿಯ ವರ್ತನೆಗೆ ಬ್ಯಾಂಕೇ ಹೊಣೆ.

ದೂರನ್ನು ಮೊದಲು ಬ್ಯಾಂಕಿಗೆ ಲಿಖಿತವಾಗಿ ಸಲ್ಲಿಸುವುದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಮಾಹಿತಿಗೆ ದೂರವಾಣಿ 14448. ಪ್ರಾಣಭಯ ಅಥವಾ ಹಲ್ಲೆಯ ಬೆದರಿಕೆ ಇದ್ದಲ್ಲಿ ಇಷ್ಟು ದಿನ ಕಾಯದೆ 112ಕ್ಕೆ ಕರೆ ಮಾಡುವುದು ಅಥವಾ ಹತ್ತಿರದ ಪೊಲೀಸ್ ಠಾಣೆಗೆ ದೂರು ನೀಡುವುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾರ್ಡಿನ ಬಾಕಿ ಕಟ್ಟಲಾಗದಿದ್ದರೆ ಜೈಲು ಶಿಕ್ಷೆಯಾಗುವುದೇ?
ಉತ್ತರ: ಹಣವಿಲ್ಲದೆ ಬಾಕಿ ಉಳಿಸಿಕೊಂಡಿರುವುದು, ಅಷ್ಟೇ ಕಾರಣಕ್ಕೆ, ಅಪರಾಧವಲ್ಲ. ಅದು ಸಿವಿಲ್ ವ್ಯಾಜ್ಯ. ಸುಳ್ಳು ದಾಖಲೆ ನೀಡಿ ಕಾರ್ಡು ಪಡೆದಿದ್ದರೆ ಅಥವಾ ಚೆಕ್ಕು ಅಮಾನ್ಯವಾಗಿದ್ದರೆ ಪರಿಸ್ಥಿತಿ ಬೇರೆ.

ಪ್ರಶ್ನೆ: ಸಂಬಳವನ್ನು ಪೂರ್ಣವಾಗಿ ಜಪ್ತಿ ಮಾಡಬಹುದೇ?
ಉತ್ತರ: ಇಲ್ಲ. ಡಿಕ್ರಿಯಾಗಿ, ಅಮಲ್ಜಾರಿ ಪ್ರಕರಣದಲ್ಲಿ ನ್ಯಾಯಾಲಯ ಆದೇಶಿಸಿದರೂ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಪ್ರಕರಣದಂತೆ ಸಂಬಳದ ಮೊದಲ ₹1,000 ಮತ್ತು ಉಳಿದುದರ ಮೂರನೇ ಎರಡು ಭಾಗಕ್ಕೆ ರಕ್ಷಣೆ ಇದೆ. ₹31,000 ಸಂಬಳದಲ್ಲಿ ₹21,000 ರಕ್ಷಿತ.

ಪ್ರಶ್ನೆ: ಪತಿಯ ಕಾರ್ಡಿನ ಬಾಕಿಯನ್ನು ಪತ್ನಿ ಅಥವಾ ಮಕ್ಕಳು ತೀರಿಸಬೇಕೇ?
ಉತ್ತರ: ಜಾಮೀನು ನೀಡದಿದ್ದಲ್ಲಿ ಅವರಿಗೆ ಸ್ವಂತ ಹೊಣೆ ಇಲ್ಲ. ಕಾರ್ಡುದಾರರು ಮೃತರಾದಲ್ಲಿ, ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ ಇರುತ್ತದೆ.

ಪ್ರಶ್ನೆ: ಶುಲ್ಕ ಪಡೆದು ಎಲ್ಲ ಸಾಲಗಳನ್ನು ತೀರಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಹುದೇ?
ಉತ್ತರ: ರಾಜಿ ತೀರುವಳಿಗೆ ಮಧ್ಯವರ್ತಿಯ ಅಗತ್ಯವಿಲ್ಲ. ಕಾರ್ಡುದಾರರೇ ಅರ್ಜಿ ಸಲ್ಲಿಸಬಹುದು. ಮುಂಗಡ ಶುಲ್ಕಕ್ಕೆ ಕೊಡುವ ಹಣವು ತೀರುವಳಿಗೆ ಬೇಕಾದ ಹಣವೇ ಆಗಿರುತ್ತದೆ ಎಂಬುದನ್ನು ಗಮನದಲ್ಲಿಡುವುದು. ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಪ್ರಶ್ನೆ: ರಾಜಿಯ ನಂತರ ಉಳಿದ ಹಣವನ್ನೂ ಕಟ್ಟಿದರೆ ‘ಸೆಟಲ್ಡ್’ ನಮೂದು ಬದಲಾಗುವುದೇ?
ಉತ್ತರ: ಬಿಟ್ಟುಕೊಟ್ಟ ಮೊತ್ತವನ್ನು ಸ್ವೀಕರಿಸಿ ನಮೂದನ್ನು ಬದಲಿಸುವುದು ಆ ಬ್ಯಾಂಕಿನ ತೀರ್ಮಾನಕ್ಕೆ ಬಿಟ್ಟದ್ದು. ಕಟ್ಟುವ ಮೊದಲು ಈ ಬಗ್ಗೆಯೂ ಲಿಖಿತ ಒಪ್ಪಿಗೆ ಪಡೆಯುವುದು.

13. ನೆನಪಿನಲ್ಲಿಡಬೇಕಾದ ಅಂಶಗಳು

- ಎಲ್ಲ ಬಾಕಿಗಳ ಒಂದೇ ಪಟ್ಟಿ ಸಿದ್ಧಪಡಿಸದೆ ಯಾವ ಬ್ಯಾಂಕಿಗೂ ಮಾತು ಕೊಡಬಾರದು.
- ಹಣವನ್ನು ಎಲ್ಲರಿಗೂ ಹಂಚದೆ, ಒಂದೊಂದು ಸಾಲವನ್ನು ಪೂರ್ಣವಾಗಿ ಮುಗಿಸಬೇಕು.
- ಪತ್ರ ಮೊದಲು, ಪಾವತಿ ನಂತರ.
- ಸಮನ್ಸು ಮತ್ತು ನೋಟೀಸುಗಳನ್ನು ತೆರೆಯದೆ ಇಡಬಾರದು.
- ತೀರುವಳಿ ಪತ್ರ, ರಸೀದಿ ಮತ್ತು ಬೇಬಾಕಿ ಪ್ರಮಾಣಪತ್ರಗಳನ್ನು ಕಳೆದುಕೊಳ್ಳಬಾರದು.

ವಿ.ಸೂ.: ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಪ್ರಕಟಿಸಲಾಗಿದ್ದು, ಇದು ಕಾನೂನು ಸಲಹೆಯಾಗಿರುವುದಿಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ಸಂಬಂಧಪಟ್ಟ ಅಧಿನಿಯಮ, ಸುತ್ತೋಲೆ ಮತ್ತು ಕಾರ್ಡಿನ ಒಪ್ಪಂದದ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.